ಪ್ರವಾಸವೂ ಪಿತೃಸ್ಮರಣೆಯೂ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಕ್ಕಳನ್ನು ಶಾಲೆಯ ಪ್ರವಾಸಕ್ಕೆ ಹೊರಡಿಸುವಾಗ ಉಪಾಧ್ಯಾಯರು ಈ ಗಾದೆಯಿಂದಲೇ ಮಾತನ್ನು ಆರಂಭಿಸುತ್ತಾರೆ. ಪ್ರವಾಸವನ್ನು ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿಗಳೂ ಇದರಿಂದಲೇ ತೊಡಗುತ್ತಾರೆ. ಗಾದೆಯ ಮಾತು ಸತ್ಯವಾದುದೇ. ಆದರೆ ಎಲ್ಲಿಗೆ ಹೋಗಬೇಕು, ಏನೇನು ನೋಡಬೇಕು ಎಂದು ವಿಚಾರಿಸುವವರು ಬಹಳ. ಯಾರೊಡನೆ ಹೋಗಬೇಕು ಎಂದು ವಿಚಾರಿಸುವವರು ವಿರಳ. ಬಾಲ್ಯದಲ್ಲಿ ತಂದೆಯೊಡನೆ, ತಾಯಿಯೊಡನೆ ದಾರಿ ನಡೆದವನಿಗೆ ಊರುಗಳ ದರ್ಶನಕ್ಕಿಂತ ಮಿಗಿಲಾದ ಒಂದು ಲಾಭವುಂಟು. ಅವನಿಗೆ ತಂದೆತಾಯಿಗಳ ಪರಿಚಯವಾಗುತ್ತದೆ. ಆ ಪರಿಚಯವೇ ಮುಂದೆ ಸ್ಮರಣೆಯಾಗಿ, ಸ್ಮರಣೆಯು ಕೃತಿಯಾಗಿ ಬೆಳೆಯಬಲ್ಲುದು.

ತಂದೆತಾಯಿಗಳ ಪರಿಚಯಕ್ಕೆ ಪ್ರವಾಸವೇಕೆ, ಅವರು ಮನೆಯಲ್ಲಿ ನಿತ್ಯವೂ ಕಾಣುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಕಾಣುತ್ತಾರೆ, ನಿಜ. ಆದರೆ ಮನೆಯಲ್ಲಿ ತಂದೆಯು ಹೊಲದ, ಅಂಗಡಿಯ, ಕಚೇರಿಯ ಚಿಂತೆಯನ್ನು ಹೊತ್ತು ಬಂದು ಕುಳಿತವನು. ತಾಯಿಯು ಒಲೆಯ ಮುಂದೆ ಬೆನ್ನು ಕಾಣಿಸಿ ಕುಳಿತವಳು. ಇಬ್ಬರೂ ಮಗುವಿಗೆ ಅಪ್ಪಣೆ ಮಾಡುವವರಾಗಿಯೇ ಹೆಚ್ಚು ಪರಿಚಿತರು. ಅದೇ ತಂದೆಯು ಅಪರಿಚಿತ ಊರಿನಲ್ಲಿ ದಾರಿ ಕೇಳುತ್ತಾನೆ, ಬುತ್ತಿಯ ಗಂಟು ಬಿಚ್ಚಿ ಪಕ್ಕದವರಿಗೂ ಕೊಟ್ಟು ಉಣ್ಣುತ್ತಾನೆ, ತನಗೆ ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಳ್ಳುತ್ತಾನೆ. ಅದೇ ತಾಯಿಯು ನದಿಯ ದಡದಲ್ಲಿ ನಿಂತು ತನ್ನ ಬಾಲ್ಯದ ಕಥೆಯೊಂದನ್ನು ನೆನೆಯುತ್ತಾಳೆ. ಮಗುವಿಗೆ ಆಗ ತನ್ನ ಹಿರಿಯರು ಮನುಷ್ಯರಾಗಿ ಕಾಣಿಸತೊಡಗುತ್ತಾರೆ. ಇದಕ್ಕೆ ಭಾರತದ ಸಾಹಿತ್ಯ ಚರಿತ್ರೆಯಲ್ಲಿ ಒಂದು ಉಜ್ವಲವಾದ ನಿದರ್ಶನವಿದೆ. ಅದು ರವೀಂದ್ರನಾಥ ಠಾಕೂರರು 1873ರಲ್ಲಿ ತಮ್ಮ ತಂದೆಯವರೊಡನೆ ಕೈಕೊಂಡ ಹಿಮಾಲಯ ಯಾತ್ರೆ.

ರವೀಂದ್ರನಾಥರು ಜನಿಸಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೋ ಎಂಬಲ್ಲಿಯ ದೊಡ್ಡ ಮನೆಯಲ್ಲಿ. ತುಂಬಿದ ಮನೆಯ ಕಿರಿಯ ಮಗುವಾದ ಅವರ ಬಾಲ್ಯವು ತಂದೆತಾಯಿಗಳ ಮಡಿಲಲ್ಲಿ ಕಳೆದುದಕ್ಕಿಂತ ಆಳುಗಳ ಕಾವಲಿನಲ್ಲಿ ಕಳೆದುದೇ ಹೆಚ್ಚು. ಒಬ್ಬ ಆಳು ಬಾಲಕನನ್ನು ಒಂದೆಡೆ ಕುಳ್ಳಿರಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು, ಇದನ್ನು ದಾಟಿದರೆ ಅಪಾಯವೆಂದು ಹೆದರಿಸಿ ತನ್ನ ಕೆಲಸಕ್ಕೆ ಹೋಗಿಬಿಡುತ್ತಿದ್ದನಂತೆ. ಸೀತೆಯ ಕಥೆಯನ್ನು ಕೇಳಿದ್ದ ಬಾಲಕನು ಆ ಗೆರೆಯೊಳಗೇ ಕುಳಿತು ಕಿಟಕಿಯಿಂದಾಚೆಯ ಕೊಳವನ್ನೂ ಆಲದ ಮರವನ್ನೂ ನೋಡುತ್ತಿದ್ದನು. ತಂದೆ ದೇವೇಂದ್ರನಾಥರನ್ನು ಲೋಕವೆಲ್ಲ ಮಹರ್ಷಿಯೆಂದು ಗೌರವಿಸುತ್ತಿತ್ತು. ಅವರು ವರ್ಷದ ಬಹುಕಾಲ ಸಂಚಾರದಲ್ಲಿರುತ್ತಿದ್ದರು. ಮನೆಗೆ ಬಂದಾಗಲೂ ಮಕ್ಕಳಿಗೆ ಅವರು ದೂರದ ಪೂಜ್ಯ ಅತಿಥಿಯಂತೆ ತೋರುತ್ತಿದ್ದರು.

ಅಂತಹ ತಂದೆಯು 1873ರ ಆರಂಭದಲ್ಲಿ, ಮಗನ ಉಪನಯನವಾದ ಬಳಿಕ, ಅವನನ್ನು ಕರೆದು ಹಿಮಾಲಯಕ್ಕೆ ಬರುವೆಯಾ ಎಂದು ಕೇಳಿದರು. ಬೋಳಿಸಿದ ತಲೆಯನ್ನು ಹೊತ್ತು ಶಾಲೆಗೆ ಹೋಗುವುದು ಹೇಗೆ, ಸಹಪಾಠಿಗಳ ಹಾಸ್ಯವನ್ನು ಸಹಿಸುವುದು ಹೇಗೆ ಎಂದು ಚಿಂತಿಸುತ್ತಿದ್ದ ಹುಡುಗನಿಗೆ ಆ ಪ್ರಶ್ನೆಯಿಂದ ಆಕಾಶವೇ ಕೈಗೆ ಸಿಕ್ಕಂತಾಯಿತು. ಮಗನಿಗೆಂದು ತಂದೆ ಹೊಸ ಉಡುಪು ಹೊಲಿಸಿದರು. ಜರಿಯ ಕೆಲಸದ ಮಖಮಲ್ಲಿನ ಟೊಪ್ಪಿಗೆಯನ್ನೂ ತರಿಸಿದರು. ಬೋಳು ತಲೆಯ ಮೇಲೆ ಟೊಪ್ಪಿಗೆ ಇಟ್ಟುಕೊಳ್ಳಲು ಹುಡುಗನಿಗೆ ಮನಸ್ಸಿರಲಿಲ್ಲ. ರೈಲು ಹತ್ತಿದೊಡನೆ ತಂದೆಯ ನೋಟ ತಲೆಯ ಕಡೆ ಹೊರಳಿತು. ಟೊಪ್ಪಿಗೆ ಮತ್ತೆ ತಲೆಗೇರಿತು. ಇಂತಹ ಸಣ್ಣ ಸಂಗತಿಯನ್ನು ಮಹಾಕವಿಯೊಬ್ಬರು ನಾಲ್ವತ್ತು ವರ್ಷಗಳ ಅನಂತರವೂ ಮರೆಯದೆ ಬರೆದರೆಂಬುದೇ ವಿಚಾರ ಮಾಡತಕ್ಕ ವಿಷಯ.

ಮೊದಲ ತಂಗುದಾಣ ಬೋಲಪುರದ ಬಳಿಯ ಶಾಂತಿನಿಕೇತನ. ದೇವೇಂದ್ರನಾಥರು 1863ರಲ್ಲಿ ಅಲ್ಲಿ ಇಪ್ಪತ್ತು ಬಿಘಾ ಬರಡು ನೆಲವನ್ನು ಪಡೆದು ಏಕಾಂತವಾಸಕ್ಕೆಂದು ಮನೆ ಕಟ್ಟಿಸಿದ್ದರು. ಸೀಮೆಸುಣ್ಣದ ಗೆರೆಯೊಳಗೆ ಕುಳಿತಿದ್ದ ಹುಡುಗನಿಗೆ ಇಲ್ಲಿ ಯಾವ ಗೆರೆಯೂ ಇರಲಿಲ್ಲ. ಮಳೆಯ ನೀರು ಕೊರೆದ ಕೆಂಪು ಮಣ್ಣಿನ ಕೊರಕಲುಗಳಲ್ಲಿ ಅವನು ಅಲೆದಾಡಿ, ವಿಚಿತ್ರಾಕಾರದ ಕಲ್ಲುಗಳನ್ನು ಅಂಗಿಯ ಮಡಿಲಲ್ಲಿ ತುಂಬಿ ತಂದು ತಂದೆಯ ಮುಂದೆ ಸುರಿದನು. ಕಸವನ್ನೇಕೆ ತಂದೆ ಎಂದು ಅವರು ಗದರಲಿಲ್ಲ. ಸೊಗಸಾಗಿವೆಯೆಂದು ಮೆಚ್ಚಿ, ತಾವು ಬೆಳಗಿನ ಜಾವ ಉಪಾಸನೆಗೆ ಕುಳಿತುಕೊಳ್ಳುತ್ತಿದ್ದ ಮಣ್ಣಿನ ದಿಬ್ಬವನ್ನು ಅವುಗಳಿಂದ ಅಲಂಕರಿಸಲು ಹೇಳಿದರು. ಹುಡುಗನು ಕೊರಕಲಿನಲ್ಲಿ ಒಂದು ಪುಟ್ಟ ಒರತೆಯನ್ನು ಕಂಡುಹಿಡಿದು ಬಂದು ಹೇಳಿದಾಗ, ಅದರ ನೀರನ್ನೇ ತರಿಸುವ ಏರ್ಪಾಡು ಮಾಡಿ ಮಗನ ಶೋಧಕ್ಕೆ ಮರ್ಯಾದೆ ಸಲ್ಲಿಸಿದರು.

ಅಷ್ಟೇ ಅಲ್ಲ. ಚಿಲ್ಲರೆ ಹಣವನ್ನು ಮಗನ ಕೈಗೆ ಕೊಟ್ಟು ಲೆಕ್ಕವಿಡಿಸಿದರು. ಬೆಲೆಬಾಳುವ ತಮ್ಮ ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವನ್ನು ಒಪ್ಪಿಸಿದರು. ಲೆಕ್ಕ ಎಂದೂ ಸರಿಹೋಗುತ್ತಿರಲಿಲ್ಲ. ಒಂದು ದಿನ ಇರಬೇಕಾದುದಕ್ಕಿಂತ ಹೆಚ್ಚು ಹಣ ಉಳಿಯಿತು. ನಿನ್ನ ಕೈಯಲ್ಲಿ ಹಣ ಬೆಳೆಯುತ್ತದೆ, ನಿನ್ನನ್ನೇ ಖಜಾಂಚಿಯನ್ನಾಗಿ ಮಾಡಬೇಕು ಎಂದು ತಂದೆ ನಗೆಯಾಡಿದರು. ಗಡಿಯಾರಕ್ಕಂತೂ ಹುಡುಗನು ಅತ್ಯುತ್ಸಾಹದಿಂದ ಕೀಲಿ ಕೊಟ್ಟುದರಿಂದ ಅದು ಬಹುಬೇಗ ದುರಸ್ತಿಗಾಗಿ ಕಲ್ಕತ್ತೆಗೆ ಹೋಗಬೇಕಾಯಿತು. ಗಡಿಯಾರ ಕೆಡಬಹುದೆಂಬುದು ತಂದೆಗೆ ತಿಳಿಯದ ಮಾತಲ್ಲ. ಮಗನ ಜವಾಬ್ದಾರಿಯನ್ನು ಬೆಳೆಸಲು ಅಷ್ಟು ನಷ್ಟವನ್ನು ಅವರು ಮೊದಲೇ ಒಪ್ಪಿಕೊಂಡಿದ್ದರು.

ಬೋಲಪುರದಿಂದ ಮುಂದಿನ ರೈಲು ಪ್ರಯಾಣದಲ್ಲಿ ಇನ್ನೊಂದು ಘಟನೆ ನಡೆಯಿತು. ಹುಡುಗನಿಗೆ ಇನ್ನೂ ಹನ್ನೆರಡು ತುಂಬಿರಲಿಲ್ಲವಾದ್ದರಿಂದ ಅರ್ಧ ಟಿಕೆಟ್ಟು ಕೊಳ್ಳಲಾಗಿತ್ತು. ಒಂದು ದೊಡ್ಡ ನಿಲ್ದಾಣದಲ್ಲಿ ಟಿಕೆಟ್ಟು ನೋಡುವವರು ಸಂಶಯದಿಂದ ಅವನನ್ನು ದಿಟ್ಟಿಸಿ ಹೋದರು. ಕೊನೆಗೆ ಸ್ಟೇಷನ್ ಮಾಸ್ತರರೇ ಬಂದು, ಈ ಹುಡುಗನ ವಯಸ್ಸು ಹನ್ನೆರಡನ್ನು ಮೀರಿಲ್ಲವೇ ಎಂದು ಕೇಳಿದರು. ಇಲ್ಲವೆಂದ ತಂದೆಯ ಮಾತನ್ನು ಅವರು ನಂಬದೆ ಪೂರ್ಣ ದರವನ್ನು ಕೊಡಬೇಕೆಂದರು. ದೇವೇಂದ್ರನಾಥರು ವಾದಿಸದೆ ಪೆಟ್ಟಿಗೆಯಿಂದ ನೋಟು ತೆಗೆದು ಕೊಟ್ಟರು. ಹಿಂದಿರುಗಿ ಬಂದ ಚಿಲ್ಲರೆಯನ್ನು ನಿಲ್ದಾಣದ ಕಲ್ಲುಹಾಸಿನ ಮೇಲೆ ಎಸೆದುಬಿಟ್ಟರು. ಕೆಲವು ನಾಣ್ಯಗಳಿಗಾಗಿ ತಂದೆ ಸುಳ್ಳಾಡುವರೆಂದು ಶಂಕಿಸಿದವರ ಅಲ್ಪತನಕ್ಕೆ ಅದು ಉತ್ತರವಾಗಿತ್ತು. ಸತ್ಯವನ್ನೇ ನುಡಿಯಬೇಕೆಂಬ ಬೋಧೆಯನ್ನು ಆ ಹುಡುಗನು ಪಾಠಶಾಲೆಯಲ್ಲಿ ಎಷ್ಟು ಬಾರಿ ಕೇಳಿದ್ದನೋ! ಜೀವನದುದ್ದಕ್ಕೂ ನೆನಪಿನಲ್ಲಿ ಉಳಿದುದು ಕಲ್ಲಿನ ಮೇಲೆ ಬಿದ್ದ ಆ ನಾಣ್ಯಗಳ ಸದ್ದು.

ಅನಂತರ ಅಮೃತಸರದಲ್ಲಿ ಸುಮಾರು ಒಂದು ತಿಂಗಳ ವಾಸ. ಸ್ವರ್ಣಮಂದಿರದಲ್ಲಿ ಭಜನೆ ಮಾಡುತ್ತಿದ್ದ ಸಿಖ್ಖರ ನಡುವೆ ತಂದೆಯು ಕುಳಿತು ತಾವೂ ದನಿಗೂಡಿಸುತ್ತಿದ್ದುದನ್ನು ಮಗ ಕಂಡನು. ಪರರ ದೇವಾಲಯದಲ್ಲಿ ಮನೆಯವರಂತೆ ಕುಳಿತುಕೊಳ್ಳುವುದು ಸಾಧ್ಯವೆಂಬ ಪಾಠವು ಅಲ್ಲಿ ಅವನಿಗೆ ದೊರೆಯಿತು. ಸಂಜೆಯಾದರೆ ತಂದೆಯವರು ವರಾಂಡದಲ್ಲಿ ಕುಳಿತು ಮಗನನ್ನು ಹಾಡಲು ಕರೆಯುತ್ತಿದ್ದರು. ಬೆಳದಿಂಗಳಲ್ಲಿ ತಲೆ ಬಾಗಿಸಿ, ಕೈಜೋಡಿಸಿ ಕೇಳುತ್ತಿದ್ದರು. ಮುಂದೆ ರವೀಂದ್ರನಾಥರು ಯುವಕರಾಗಿ ತಾವೇ ರಚಿಸಿದ ಗೀತೆಗಳನ್ನು ಹಾಡಿ ಕೇಳಿಸಿದಾಗ ಇದೇ ತಂದೆಯು, ದೇಶದ ಅರಸನಿಗೆ ಈ ಭಾಷೆ ಬರುತ್ತಿದ್ದರೆ ಅವನೇ ಕವಿಗೆ ಬಹುಮಾನ ಕೊಡುತ್ತಿದ್ದನು, ಅದಾಗದ ಕಾರಣ ಆ ಕೆಲಸವನ್ನು ತಾವೇ ಮಾಡಬೇಕಾಗಿದೆ ಎಂಬರ್ಥದ ಮಾತನ್ನಾಡಿ ಐದುನೂರು ರೂಪಾಯಿಗಳ ಚೆಕ್ಕನ್ನು ಮಗನ ಕೈಯಲ್ಲಿರಿಸಿದರು.

ಅಮೃತಸರದಿಂದ ಡಾಲ್‌ಹೌಸಿಯ ಪರ್ವತಗಳಿಗೆ ಪಯಣ. ಬಕ್ರೋಟಾ ಎಂಬ ಎತ್ತರದ ಶಿಖರದ ಮೇಲೆ ವಾಸ. ನಸುಕಿಗೆ ಮುನ್ನವೇ ಎದ್ದು ಸಂಸ್ಕೃತದ ವಿಭಕ್ತಿರೂಪಗಳನ್ನು ಬಾಯಿಪಾಠ ಮಾಡಬೇಕು. ಕೊರೆಯುವ ತಣ್ಣೀರಿನಲ್ಲಿ ಸ್ನಾನ ಮಾಡಬೇಕು. ಈ ಶಿಸ್ತಿನ ಜೊತೆಯಲ್ಲಿಯೇ ಪೂರ್ಣವಾದ ಸ್ವಾತಂತ್ರ್ಯವೂ ಇತ್ತು. ಕಬ್ಬಿಣದ ಮೊನೆಯ ಕೋಲನ್ನು ಹಿಡಿದು ಹುಡುಗನು ದೇವದಾರು ವನಗಳಲ್ಲಿ ಒಬ್ಬನೇ ಬೆಟ್ಟದಿಂದ ಬೆಟ್ಟಕ್ಕೆ ಅಲೆಯುತ್ತಿದ್ದನು. ಬಿದ್ದಾನು, ದಾರಿ ತಪ್ಪಿಯಾನು ಎಂಬ ಆತಂಕವನ್ನು ತಂದೆ ಎಂದೂ ತೋರಗೊಡಲಿಲ್ಲ. ಇರುಳಾದೊಡನೆ ಅಂಗಳದಲ್ಲಿ ಕುಳಿತು ಗ್ರಹನಕ್ಷತ್ರಗಳನ್ನು ಬೆರಳು ತೋರಿ ಪರಿಚಯ ಮಾಡಿಕೊಟ್ಟರು. ಕೆಲವು ತಿಂಗಳುಗಳ ತರುವಾಯ ಮಗನನ್ನು ಸೇವಕನೊಡನೆ ಕಲ್ಕತ್ತೆಗೆ ಕಳುಹಿಸಿ ತಾವು ಪರ್ವತದಲ್ಲಿಯೇ ಉಳಿದರು.

ಮನೆಗೆ ಮರಳಿದ ಹುಡುಗನಿಗೆ ಅಂತಃಪುರದ ಬಾಗಿಲು ತೆರೆಯಿತು. ಸಂಜೆಯ ಹೊತ್ತು ತಾರಸಿಯ ಮೇಲೆ ತಾಯಿ ಶಾರದಾದೇವಿಯವರ ಸುತ್ತ ನೆರೆದ ಹೆಂಗಸರಿಗೆ ಅವನು ಯಾತ್ರೆಯ ಕಥೆ ಹೇಳಿದನು. ತಂದೆಯ ಬಳಿ ಕಲಿತ ವಾಲ್ಮೀಕಿ ರಾಮಾಯಣದ ಭಾಗವನ್ನು ಸಂಸ್ಕೃತದಲ್ಲಿಯೇ ಓದಿ ತಾಯಿಯನ್ನು ಹಿಗ್ಗಿಸಿದನು. ಎರಡು ವರ್ಷಗಳಲ್ಲಿ, 1875ರಲ್ಲಿ, ಆ ತಾಯಿ ತೀರಿಕೊಂಡರು. ತಂದೆಯೊಡನೆ ಹೋದ ಯಾತ್ರೆಯು ಹೀಗೆ ತಾಯಿಯ ಸಾಮೀಪ್ಯವನ್ನೂ ಅವನಿಗೆ ಗಳಿಸಿಕೊಟ್ಟಿತ್ತು.

ಈ ಯಾತ್ರೆಯಿಂದ ಕೂಡಲೇ ಹುಟ್ಟಿದ ಕಾವ್ಯವೇನು ಎಂದು ಕೇಳಿದರೆ, ಹೇಳಿಕೊಳ್ಳುವಂತಹದು ಏನೂ ಇಲ್ಲ. ಬೋಲಪುರದಲ್ಲಿ ಎಳೆಯ ತೆಂಗಿನ ಮರದ ಬುಡದಲ್ಲಿ ಕಾಲು ಚಾಚಿ ಕುಳಿತು ಹುಡುಗನು ಪೃಥ್ವೀರಾಜನ ಸೋಲನ್ನು ಕುರಿತು ಒಂದು ವೀರಕಾವ್ಯವನ್ನು ಬರೆದನು. ಅದೂ ಉಳಿಯಲಿಲ್ಲ, ಅದನ್ನು ಬರೆದ ಪುಸ್ತಕವೂ ಉಳಿಯಲಿಲ್ಲ. ಪ್ರವಾಸ ಮುಗಿದ ಮರುದಿನವೇ ಫಲವನ್ನು ಬಯಸುವವರು ಇದನ್ನು ಗಮನಿಸಬೇಕು. ಬೀಜವು ನೆಲದಲ್ಲಿ ಬಹುಕಾಲ ಅಡಗಿತ್ತು. 1901ರ ಡಿಸೆಂಬರ್ 22ರಂದು ರವೀಂದ್ರನಾಥರು ಅದೇ ಶಾಂತಿನಿಕೇತನದಲ್ಲಿ ಐವರು ವಿದ್ಯಾರ್ಥಿಗಳೊಡನೆ ಶಾಲೆಯನ್ನು ತೆರೆದರು. ಅದು ಬಂಗಾಳಿ ಪಂಚಾಂಗದ ಪೌಷ ಮಾಸದ ಏಳನೆಯ ದಿನ. ತಂದೆಯವರು 1843ರಲ್ಲಿ ಬ್ರಾಹ್ಮಧರ್ಮದ ದೀಕ್ಷೆ ಪಡೆದ ದಿನವೂ ಹೌದು. ಗೋಡೆಯಿಲ್ಲದೆ ಮರದ ನೆರಳಿನಲ್ಲಿ ಪಾಠ ನಡೆಯಬೇಕು, ಮಕ್ಕಳು ಬಯಲಿನಲ್ಲಿ ಅಲೆಯಬೇಕು ಎಂಬ ಆ ಶಾಲೆಯ ಪದ್ಧತಿಯಲ್ಲಿ, ಕೊರಕಲುಗಳಲ್ಲಿ ಕಲ್ಲು ಆಯ್ದ ಹುಡುಗನನ್ನೂ, ಆ ಕಲ್ಲುಗಳನ್ನು ಮೆಚ್ಚಿದ ತಂದೆಯನ್ನೂ ಯಾರು ಬೇಕಾದರೂ ಗುರುತಿಸಬಹುದು. ತಂದೆಯವರು 1905ರಲ್ಲಿ ಕಾಲವಾದರು. 1912ರಲ್ಲಿ ‘ಜೀವನಸ್ಮೃತಿ’ ಗ್ರಂಥರೂಪದಲ್ಲಿ ಹೊರಬಂದಿತು. ಅದರ ಅತಿ ಸುಂದರವಾದ ಅಧ್ಯಾಯಗಳಲ್ಲಿ ತಂದೆಯನ್ನೂ ಹಿಮಾಲಯ ಯಾತ್ರೆಯನ್ನೂ ಕುರಿತವು ಸೇರಿವೆ. 1937ರಲ್ಲಿ, ಎಪ್ಪತ್ತಾರರ ವೃದ್ಧಾಪ್ಯದಲ್ಲಿ, ಅವರು ಜನಸಾಮಾನ್ಯರಿಗಾಗಿ ‘ವಿಶ್ವಪರಿಚಯ’ವೆಂಬ ವಿಜ್ಞಾನ ಗ್ರಂಥವನ್ನು ಬರೆದಾಗ, ಡಾಲ್‌ಹೌಸಿಯಲ್ಲಿ ನಕ್ಷತ್ರಗಳನ್ನು ತೋರಿಸಿದ ತಂದೆಯನ್ನು ಮತ್ತೆ ನೆನೆದರು. ಆ ಇರುಳುಗಳು ಕಳೆದು ಅಷ್ಟರಲ್ಲಿ ಅರುವತ್ತನಾಲ್ಕು ವರ್ಷಗಳಾಗಿದ್ದವು.

ಕುಟುಂಬದೊಡನೆ ಮಾಡಿದ ಪ್ರವಾಸವು ಕಲೆಗೆ ಪ್ರೇರಣೆಯಾದ ಇನ್ನೊಂದು ಪ್ರಸಂಗವು ಕನ್ನಡ ನಾಡಿನ ನೆಲದ ಮೇಲೆಯೇ ನಡೆದಿದೆ. ರವೀಂದ್ರರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪದವಿಗೇರಿದ ಭಾರತೀಯರಲ್ಲಿ ಮೊದಲಿಗರು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದಲ್ಲಿ ಅವರು ನ್ಯಾಯಾಧೀಶರಾಗಿದ್ದರು. 1883ರಲ್ಲಿ ಮನೆಯವರೊಡನೆ ಅಲ್ಲಿಗೆ ಬಂದ ತರುಣ ಕವಿಯು ಗಾಳಿಮರಗಳ ಸಾಲಿನ ಕಡಲತೀರವನ್ನೂ, ಬೆಟ್ಟಗಳ ನಡುವಿನಿಂದ ಬಂದು ಕಡಲನ್ನು ಸೇರುವ ಕಾಳಿ ನದಿಯನ್ನೂ ಕಂಡು ಮುಗ್ಧರಾದರು. ಒಂದು ಬೆಳದಿಂಗಳ ಇರುಳು ಎಲ್ಲರೂ ದೋಣಿಯಲ್ಲಿ ನದಿಯ ಮೇಲ್ಗಡೆ ಸಾಗಿ, ರೈತನೊಬ್ಬನ ಅಂಗಳದಲ್ಲಿ ಕುಳಿತು ತಂದಿದ್ದ ಬುತ್ತಿಯನ್ನುಂಡು, ತಿರುಗಿ ಬರುವಾಗ ನದೀಮುಖದಲ್ಲಿ ಇಳಿದು ಮರಳಿನ ಮೇಲೆ ನಡೆದೇ ಮನೆಗೆ ಬಂದರು. ಅವರು ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಬರೆದುದು ಈ ಕಾರವಾರದಲ್ಲಿ. ಲೋಕದ ಮಮತೆಯನ್ನೆಲ್ಲ ಕಡಿದುಕೊಂಡು ಅನಂತವನ್ನು ಪಡೆಯಹೊರಟ ಸಂನ್ಯಾಸಿಯನ್ನು ಅನಾಥ ಬಾಲಿಕೆಯೊಬ್ಬಳು ಪ್ರೀತಿಯಿಂದ ಲೋಕಕ್ಕೆ ಮರಳಿಸುವ ಕಥೆಯದು. ಅಣ್ಣನ ಮನೆಯ ಅಕ್ಕರೆಯಲ್ಲಿದ್ದ ಕವಿಗೆ ಇಂತಹ ವಸ್ತು ಹೊಳೆದುದು ಸಹಜವೇ ಆಗಿದೆ. ಇಂದು ಕಾರವಾರದ ಆ ಕಡಲತೀರವು ರವೀಂದ್ರನಾಥರ ಹೆಸರನ್ನೇ ಹೊತ್ತಿದೆ.

ಕಾಲಚಕ್ರ ಉರುಳಿ ರವೀಂದ್ರರೇ ತಂದೆಯಾದರು. 1902ರ ನವೆಂಬರಿನಲ್ಲಿ ಪತ್ನಿ ಮೃಣಾಲಿನಿದೇವಿ ತೀರಿಕೊಂಡರು. ಶಾಲೆಯ ಆರಂಭದ ಕಷ್ಟದ ದಿನಗಳಲ್ಲಿ ತಮ್ಮ ಆಭರಣಗಳನ್ನು ಮಾರಲು ಕೊಟ್ಟ ಸಾಧ್ವಿ ಆಕೆ. ಮರುವರ್ಷ ಮಗಳು ರೇಣುಕೆಯು ಕ್ಷಯರೋಗಕ್ಕೆ ತುತ್ತಾದಾಗ, ಗಾಳಿಯ ಬದಲಾವಣೆಗಾಗಿ ಅವಳನ್ನು ಅಲ್ಮೋರಾದ ಬೆಟ್ಟಗಳಿಗೆ ಕರೆದೊಯ್ದರು. ಒಂದು ಕಾಲದಲ್ಲಿ ತಂದೆಯು ತಮ್ಮನ್ನು ಕರೆದೊಯ್ದ ಹಿಮಾಲಯದ ಮಡಿಲಿಗೇ ಈಗ ಅವರು ಮಗಳನ್ನು ಕರೆದೊಯ್ದರು. ಮಗಳ ಶುಶ್ರೂಷೆಯ ನಡುವೆ, ತಾಯಿಯಿಲ್ಲದ ಮಕ್ಕಳನ್ನು ನೆನೆಯುತ್ತ ಅವರು ಅಲ್ಲಿ ಬರೆದ ಕವಿತೆಗಳು ‘ಶಿಶು’ ಸಂಗ್ರಹದಲ್ಲಿ ಸೇರಿವೆ. ಅವುಗಳಲ್ಲಿ ಹಲವು, ಮಗುವು ತಾಯಿಯೊಡನೆ ಆಡುವ ಮಾತುಗಳು. ರೇಣುಕೆ ಅದೇ ವರ್ಷ ತೀರಿಕೊಂಡಳು. ಆ ಪ್ರವಾಸವು ಮಗಳನ್ನು ಉಳಿಸಿಕೊಡಲಿಲ್ಲ. ಆದರೆ ತಾಯಿಯನ್ನು ಕಳೆದುಕೊಂಡ ಅಸಂಖ್ಯ ಮಕ್ಕಳಿಗೆ ಮಾತು ಕೊಟ್ಟ ಕವಿತೆಗಳು ಅಲ್ಲಿ ಹುಟ್ಟಿದವು.

ಇಷ್ಟನ್ನು ಓದಿದವರು ಒಂದು ಆಕ್ಷೇಪವನ್ನು ಎತ್ತದೆ ಇರಲಾರರು. ದೇವೇಂದ್ರನಾಥರು ಶ್ರೀಮಂತ ಜಮೀನುದಾರರು. ತಿಂಗಳುಗಟ್ಟಲೆ ಹಿಮಾಲಯದಲ್ಲಿರಲು ಅವರಿಗೆ ಅನುಕೂಲವಿತ್ತು. ದಿನದ ಕೂಲಿಯಿಂದ ದಿನದ ರೊಟ್ಟಿಯನ್ನು ಗಳಿಸುವ ತಂದೆಯು ಮಗನನ್ನು ಎಲ್ಲಿಗೆ ಕರೆದೊಯ್ದಾನು? ಆಕ್ಷೇಪವು ನ್ಯಾಯವಾದುದು. ಆದರೆ ಮಗನ ನೆನಪಿನಲ್ಲಿ ಉಳಿದುದು ಯಾವುದು ಎಂಬುದನ್ನು ಮತ್ತೊಮ್ಮೆ ಎಣಿಸಿ ನೋಡಬೇಕು. ಕಲ್ಲುಗಳಿಗೆ ಸಂದ ಮೆಚ್ಚುಗೆ, ತಪ್ಪಿದ ಲೆಕ್ಕಕ್ಕೆ ಬಂದ ನಗೆ, ಸುಳ್ಳಿನ ಆಪಾದನೆಗೆ ಕೊಟ್ಟ ಉತ್ತರ, ಆಕಾಶದ ಕಡೆಗೆ ಚಾಚಿದ ಬೆರಳು. ಇವುಗಳಲ್ಲಿ ಯಾವುದನ್ನೂ ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. ಉತ್ತರ ಕರ್ನಾಟಕದ ಹಿರಿಯರನ್ನು ಕೇಳಿದರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋದ ಇರುಳನ್ನು ಇಂದಿಗೂ ವರ್ಣಿಸುತ್ತಾರೆ. ಚಕ್ಕಡಿಯ ಕೆಳಗೆ ತೂಗುವ ಕಂದೀಲು, ಎತ್ತಿನ ಕೊರಳ ಗೆಜ್ಜೆ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ನಿದ್ದೆ ಹೋದ ಮಗುವಿಗೆ ತನ್ನ ಕಂಬಳಿಯನ್ನೇ ಹೊದಿಸಿ ಚಳಿಯಲ್ಲಿ ಕುಳಿತ ತಂದೆ. ತೇರಿನ ಎತ್ತರವೆಷ್ಟೆಂಬುದು ಅವರಿಗೆ ಮರೆತಿರಬಹುದು, ಕಂಬಳಿ ಮರೆತಿರುವುದಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ರಾಯಚೂರು, ಯಾದಗಿರಿ, ಕಲಬುರ್ಗಿ, ಕೊಪ್ಪಳ, ವಿಜಯಪುರ ಮೊದಲಾದ ಜಿಲ್ಲೆಗಳ ಅನೇಕ ಬಡ ಕುಟುಂಬಗಳು ಸುಗ್ಗಿ ಮುಗಿದೊಡನೆ ಗುಳೆ ಹೋಗುತ್ತವೆ. ಮುಂಬಯಿಯ ಕಟ್ಟಡಗಳಿಗೆ, ಗೋವೆಯ ರಸ್ತೆಗಳಿಗೆ, ಬೆಂಗಳೂರು ಮಂಗಳೂರುಗಳ ಕೆಲಸಗಳಿಗೆ, ಕಬ್ಬಿನ ಗದ್ದೆಗಳಿಗೆ ತಂದೆತಾಯಿಗಳು ಹೊರಟರೆ ಮಕ್ಕಳೂ ಹಿಂಬಾಲಿಸಬೇಕಾಗುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತದೆ. ಅವರು ಮರಳಿ ಬಂದ ಮೇಲೆ ‘ನಾನು ಕೈಗೊಂಡ ಪ್ರವಾಸ’ ಎಂಬ ಪ್ರಬಂಧವನ್ನು ಬರೆಯಬೇಕೆಂದು ತರಗತಿಯಲ್ಲಿ ಹೇಳಿದರೆ, ಮೈಸೂರು ಕಂಡವರು ಅರಮನೆಯನ್ನು ಕುರಿತು ಬರೆಯುತ್ತಾರೆ. ಆ ಹುಡುಗನು ಬರಿಯ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತಿರುತ್ತಾನೆ. ತಾನು ಯಾವ ಪ್ರವಾಸಕ್ಕೂ ಹೋಗಿಲ್ಲವೆಂದು ಅವನು ತಿಳಿದಿದ್ದಾನೆ. ತರಗತಿಯಲ್ಲಿ ಎಲ್ಲರಿಗಿಂತ ದೂರ ಹೋಗಿ ಬಂದವನು ಅವನೇ ಆಗಿರಬಹುದು.

ಗುಳೆಯು ಪ್ರವಾಸವಲ್ಲ, ಅದು ಬಡತನದ ಒತ್ತಾಯ. ಅದನ್ನು ಹೊಗಳುವುದು ಪಾಪ. ಅದು ನಿಲ್ಲಬೇಕೆಂಬುದೇ ಎಲ್ಲ ಸಹೃದಯರ ಹಂಬಲ. ಆದರೂ ಆ ಹುಡುಗನು ತನ್ನ ತಂದೆಯೊಡನೆ ನಡೆದಿದ್ದಾನೆ. ತಂದೆಯು ಹತ್ತನೆಯ ಅಂತಸ್ತಿನ ಸಾರುವೆಯ ಮೇಲೆ ನಿಂತುದನ್ನು ಕಂಡಿದ್ದಾನೆ. ತಾಯಿಯು ಮೂರು ಕಲ್ಲುಗಳ ಒಲೆ ಹೂಡಿ ಪರಸ್ಥಳದಲ್ಲಿ ಮನೆ ಮಾಡಿದುದನ್ನು ಕಂಡಿದ್ದಾನೆ. ಹೊಸ ಭಾಷೆಯ ನಾಲ್ಕು ಮಾತು ಕಲಿತಿದ್ದಾನೆ. ಇದನ್ನು ಬರೆಯೆಂದು ಹೇಳುವ ಒಬ್ಬ ಗುರು ಅವನಿಗೆ ಬೇಕಾಗಿದ್ದಾನೆ. ದೇವೇಂದ್ರನಾಥರು ಕೆಂಪು ಮಣ್ಣಿನ ಕಲ್ಲುಗಳನ್ನು ಕಂಡು ಸೊಗಸಾಗಿವೆಯೆಂದು ಹೇಳಿದ ಹಾಗೆ, ಆ ಹುಡುಗನ ನೆನಪುಗಳನ್ನು ಕಂಡು ಇವು ಬೆಲೆಯುಳ್ಳವು ಎಂದು ಹೇಳುವ ಗುರು. ಹೇಳುವವರಿಲ್ಲದಿದ್ದರೆ ಆ ಹುಡುಗನು ತನ್ನ ತಂದೆಯ ಬಾಳನ್ನು ಬರೆಯಲು ಯೋಗ್ಯವಲ್ಲದ್ದೆಂದು ಎಣಿಸಿ ನಾಚಿಕೊಳ್ಳುತ್ತಾನೆ. ತಂದೆಯನ್ನು ಕುರಿತು ನಾಚಿಕೊಳ್ಳುವುದನ್ನು ಮಗುವಿಗೆ ಕಲಿಸಿದ ಶಾಲೆಯು ಬೇರೆ ಏನನ್ನು ಕಲಿಸಿದರೂ ವ್ಯರ್ಥ.

ಈಗ ರೂಢಿಯಲ್ಲಿರುವ ಶಾಲಾ ಪ್ರವಾಸಗಳ ಕಡೆಗೂ ಒಮ್ಮೆ ದೃಷ್ಟಿ ಹಾಯಿಸಬೇಕು. ಡಿಸೆಂಬರ್ ಬಂದಿತೆಂದರೆ ಬಸ್ಸುಗಳು ಹೊರಡುತ್ತವೆ. ಮೂರು ದಿನಗಳಲ್ಲಿ ಹತ್ತು ಸ್ಥಳಗಳು. ಮಕ್ಕಳು ಇಳಿಯುವುದು, ಸಾಲಾಗಿ ನಿಲ್ಲುವುದು, ಎಣಿಕೆ ಕೊಡುವುದು, ಹತ್ತುವುದು. ಕೈಫೋನು ಬಂದ ಮೇಲಂತೂ ಚಿತ್ರ ತೆಗೆಯುವುದೇ ನೋಡುವುದಾಗಿದೆ. ದೂರದ ಊರಿಗೆ ನೂರಾರು ಮಕ್ಕಳನ್ನು ಕರೆದೊಯ್ದು ಕ್ಷೇಮವಾಗಿ ತರುವ ಉಪಾಧ್ಯಾಯರ ಹೊಣೆ ಸಾಮಾನ್ಯವಾದುದಲ್ಲ. ಅವರನ್ನು ದೂಷಿಸುವುದು ಸಲ್ಲದು. ಆದರೆ ಹತ್ತು ಸ್ಥಳಗಳ ಬದಲು ಒಂದೇ ಸ್ಥಳವನ್ನು ಆರಿಸಿ, ಅಲ್ಲಿ ಎರಡು ದಿನ ತಂಗಿ, ಬೆಳಗು ಬೈಗುಗಳನ್ನು ಕಾಣಗೊಟ್ಟರೆ ಹೊಣೆಯೂ ಹಗುರ, ಲಾಭವೂ ಅಧಿಕ. ಇಂತಹ ಪ್ರವಾಸಕ್ಕೆ ಮಕ್ಕಳ ತಂದೆಯನ್ನೋ ತಾಯಿಯನ್ನೋ ಅಜ್ಜಿಯನ್ನೋ ಜೊತೆಗೆ ಕರೆದೊಯ್ಯುವ ಪದ್ಧತಿಯನ್ನು ಆರಂಭಿಸಿದರೆ ಇನ್ನೂ ಉತ್ತಮ. ಹಿರಿಯರು ಬಂದರೆ ಶಿಸ್ತು ಕೆಡುತ್ತದೆ ಎಂಬ ಅಂಜಿಕೆ ಕೆಲವರಿಗೆ ಇರಬಹುದು. ಕಲ್ಲಿನ ಕೆಲಸ ಬಲ್ಲ ತಂದೆಯು ಪಟ್ಟದಕಲ್ಲಿನ ಗೋಡೆಯ ಮುಂದೆ ನಿಂತು ಉಳಿಯ ಗುರುತುಗಳನ್ನು ತೋರಿಸಿ ಹೇಳುವುದನ್ನು ತರಗತಿಯೆಲ್ಲ ಕೇಳಿದಾಗ ಆ ಅಂಜಿಕೆ ಹೋದೀತು. ಅಂದು ಆ ತಂದೆಯ ಮಗಳು ತಲೆಯೆತ್ತಿ ನಿಂತಾಳು.

ತಂದೆತಾಯಿಗಳೇ ಇಲ್ಲದೆ ಉಚಿತ ಪ್ರಸಾದನಿಲಯದಲ್ಲಿ ಬೆಳೆಯುವ ಮಕ್ಕಳೂ ಇದ್ದಾರೆ. ಅವರ ಪಾಲಿಗೆ ಜೊತೆಯಲ್ಲಿ ನಡೆಯುವ ಗುರುವೇ ತಂದೆ. ಅಂತಹ ಮಗುವಿನ ಕೈಗೆ ಹಣದ ಚೀಲವನ್ನು ಕೊಟ್ಟು ಲೆಕ್ಕವಿಡಿಸುವ, ಗಡಿಯಾರ ಕೆಟ್ಟರೂ ಮುನಿಯದ ಗುರುವನ್ನು ಅದು ಬಾಳಿನುದ್ದಕ್ಕೂ ಮರೆಯದು.

ಕೊನೆಯದಾಗಿ ದಾನಿಗಳ ಪರಾಮರ್ಶೆಗೆ ಒಂದು ವಿಚಾರವನ್ನು ಮಂಡಿಸಬೇಕಾಗಿದೆ. ತಂದೆತಾಯಿಗಳ ಸ್ಮರಣಾರ್ಥ ಕೊಠಡಿ ಕಟ್ಟಿಸುವುದು, ಬಾಗಿಲಿನ ಮೇಲೆ ಹಾಲುಗಲ್ಲಿನ ಫಲಕ ಹಾಕಿಸುವುದು, ಪಾರಿತೋಷಕಗಳಿಗೆಂದು ಠೇವಣಿ ಇರಿಸುವುದು ಸಂಪ್ರದಾಯವಾಗಿ ಬಂದಿದೆ. ಅವು ಸ್ತುತ್ಯವಾದ ಕಾರ್ಯಗಳೇ. ಆ ಕೊಠಡಿಗಳ ನೆರಳಿನಲ್ಲಿ ಸಾವಿರಾರು ಮಕ್ಕಳು ಓದಿದ್ದಾರೆ. ಆದರೆ ಫಲಕದ ಮೇಲಿನ ಹೆಸರನ್ನು ಓದಿದ ಮಗುವಿಗೆ ಆ ಹಿರಿಯರು ಯಾರೆಂಬುದು ತಿಳಿಯುವುದಿಲ್ಲ. ಅದೇ ದಾನಿಯು ಒಂದು ಚಿಕ್ಕ ಠೇವಣಿಯ ಬಡ್ಡಿಯಿಂದ ಪ್ರತಿವರ್ಷವೂ ಕೆಲವು ಬಡ ಮಕ್ಕಳು ತಮ್ಮ ತಂದೆ ಅಥವಾ ತಾಯಿಯೊಡನೆ ಎರಡು ದಿನಗಳ ಪ್ರವಾಸ ಹೋಗಿಬರುವಂತೆ ಏರ್ಪಡಿಸಬಹುದು. ಆ ಎರಡು ದಿನಗಳಲ್ಲಿ ತಂದೆಯ ಕೂಲಿ ತಪ್ಪುತ್ತದೆ. ಅದನ್ನೂ ನಿಧಿಯೇ ತುಂಬಿಕೊಡಬೇಕು. ಇಲ್ಲವಾದರೆ ಬರಬೇಕಾದವರೇ ಬರಲಾರರು. ಮರಳಿ ಬಂದ ಮಕ್ಕಳು ಬರೆದ ಒಂದೊಂದು ಪುಟವನ್ನು, ಬಿಡಿಸಿದ ಒಂದೊಂದು ಚಿತ್ರವನ್ನು ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿಸಬಹುದು. ದಾನಿಯ ತಂದೆಯ ಹೆಸರಿನಲ್ಲಿ ಬೇರೊಬ್ಬ ಮಗುವಿಗೆ ತನ್ನ ತಂದೆ ದೊರೆತರೆ, ಅದಕ್ಕಿಂತ ದೊಡ್ಡ ದಾಸೋಹ ಯಾವುದಿದೆ?

ಬರೆದ ಮಕ್ಕಳೆಲ್ಲರೂ ರವೀಂದ್ರರಾಗುವುದಿಲ್ಲ, ಆಗಬೇಕಾದುದೂ ಇಲ್ಲ. ಅವರಲ್ಲಿ ಬಹುಮಂದಿಯ ಬರಹವು ಆ ಹುಡುಗನ ವೀರಕಾವ್ಯದಂತೆ ಕಳೆದುಹೋಗುತ್ತದೆ. ಆದರೆ ಬರೆದವನ ಮನಸ್ಸಿನಲ್ಲಿ ಅದು ಕಳೆಯುವುದಿಲ್ಲ. ಮುಂದೆ ಅವನು ತಂದೆಯಾದಾಗ, ತನ್ನ ಮಗುವು ಮಡಿಲ ತುಂಬ ಕಲ್ಲು ತಂದು ಸುರಿದ ದಿನ, ಗದರುವ ಮೊದಲು ಒಂದು ಕ್ಷಣ ತಡೆದಾನು. 2023ರಲ್ಲಿ ಶಾಂತಿನಿಕೇತನವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ಕಾಣಲು ದೂರದೇಶಗಳಿಂದ ಜನ ಬರುತ್ತಾರೆ. ಅವರು ಕಾಣುವ ಆ ವಿದ್ಯಾಕ್ಷೇತ್ರದ ಆರಂಭದಲ್ಲಿ ಒಬ್ಬ ತಂದೆ, ಒಬ್ಬ ಮಗ, ಮಣ್ಣಿನ ಒಂದು ದಿಬ್ಬ ಮತ್ತು ಅದರ ಮೇಲೆ ಜೋಡಿಸಿದ ಕೆಲವು ಕಲ್ಲುಗಳು ಇದ್ದವು ಎಂಬುದನ್ನು ವಿದ್ಯಾಸಂಸ್ಥೆಗಳನ್ನು ಕಟ್ಟುವವರೂ, ನಡೆಸುವವರೂ, ಪೋಷಿಸುವವರೂ ಮನದಲ್ಲಿ ಇರಿಸಿಕೊಳ್ಳುವುದು ಶ್ರೇಯಸ್ಕರವಾದುದು.